ಊರೆಲ್ಲ ಕೂತು ನೋಡಿದ ಟಿ.ವಿ.

(ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯ ಗಿರಣಿ ಕೆಲಸಗಾರರೂ ಚಿಲ್ಲರೆ ವ್ಯಾಪಾರಸ್ಥರೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬಾಡಿಗೆ, ಬಡ್ಡಿಗಳ ಮಾತು ನಡೆಯಬೇಕಾದ ಸಭೆಯಲ್ಲಿ ಟಿ.ವಿ.ಯ ಮಾತೇಕೆ ಎಂದು ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ನಲವತ್ತೈದು ದಾಟಿದ ನಾಲ್ಕು ಜನ ಚಹದಂಗಡಿಯಲ್ಲಿ ಕೂತರೆ ಸಾಕು, ಮಾತು ಎಲ್ಲಿಂದ ಹೊರಟರೂ ಅಲ್ಲಿಗೇ ಬಂದು ನಿಲ್ಲುತ್ತದೆ: ಆ ಭಾನುವಾರದ ಬೆಳಗುಗಳು ಎಲ್ಲಿ ಹೋದವು, ಬಾಗಿಲು ಸರಿಸಿ ನೋಡುವ ಆ ಕಪ್ಪು-ಬಿಳುಪು ಪೆಟ್ಟಿಗೆ ಎಲ್ಲಿ ಹೋಯಿತು, ಓಣಿಯ ಹುಡುಗರೆಲ್ಲ ಒಂದೇ ಪಡಸಾಲೆಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದ ಕಾಲ ಎಲ್ಲಿ ಹೋಯಿತು ಎಂದು. ಈ ಹಂಬಲವನ್ನು ನಾವು ಹಗುರವಾಗಿ ಕಾಣುವುದಿಲ್ಲ. ದುಡಿಯುವ ಜನ ಯಾವುದನ್ನು ನೆನೆದು ನಿಟ್ಟುಸಿರು ಬಿಡುತ್ತಾರೋ ಅದರೊಳಗೆ ಅವರು ಕಳೆದುಕೊಂಡದ್ದರ ಲೆಕ್ಕ ಅಡಗಿರುತ್ತದೆ. ಆ ಲೆಕ್ಕವನ್ನು ಬಿಚ್ಚಿ ನೋಡೋಣ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನೂ ಮರೆಯದೆ ನೋಡೋಣ.

ಮೊದಲು ಬಂದದ್ದು ಊರಿಗೆ

ನಮ್ಮ ದೇಶದಲ್ಲಿ ಟೆಲಿವಿಷನ್ನು ಆರಂಭವಾದದ್ದು 1959ರ ಸೆಪ್ಟೆಂಬರ್ 15ರಂದು, ದಿಲ್ಲಿಯಲ್ಲಿ. ಬಹುಕಾಲ ಅದು ದೊಡ್ಡ ಪಟ್ಟಣದವರ ಸೊತ್ತಾಗಿಯೇ ಇತ್ತು. 1975ರ ಆಗಸ್ಟ್ 1ರಂದು ಒಂದು ದೊಡ್ಡ ಪ್ರಯೋಗ ಶುರುವಾಯಿತು. ಅಮೆರಿಕದ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಕಡ ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಆಕಾಶದಿಂದ ನೇರವಾಗಿ ಚಿತ್ರ ಇಳಿಸಿದರು. ಕರ್ನಾಟಕದಲ್ಲಿ ಆರಿಸಿದ್ದು ರಾಯಚೂರು, ಗುಲ್ಬರ್ಗಾ, ವಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಸಿರುಗುಪ್ಪದವರು ತುಂಗಭದ್ರೆಯ ಈಚೆ ದಡದಲ್ಲಿ ನಿಂತರೆ ಆಚೆಯದೇ ರಾಯಚೂರು ಜಿಲ್ಲೆ. ಹೊಳೆಯಾಚೆ ಟಿ.ವಿ., ಹೊಳೆಯೀಚೆ ಬರೀ ಸುದ್ದಿ.

ಆ ಪೆಟ್ಟಿಗೆಗಳನ್ನು ಎಲ್ಲಿಟ್ಟರು? ಗೌಡರ ಮನೆಯಲ್ಲಲ್ಲ, ಸಾಹುಕಾರರ ಪಡಸಾಲೆಯಲ್ಲಲ್ಲ. ಶಾಲೆಯಲ್ಲಿ, ಪಂಚಾಯತಿ ಕಟ್ಟಡದಲ್ಲಿ, ಊರವರೆಲ್ಲ ಕೂಡುವ ಜಾಗದಲ್ಲಿ. ಕೋಳಿಗೂಡಿಗೆ ಹೊಡೆಯುವಂಥ ತಂತಿಬಲೆಯಿಂದ ಹತ್ತಡಿ ಅಗಲದ ತಟ್ಟೆ ಮಾಡಿ ನಿಲ್ಲಿಸಿದರು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ; ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆಯ ಮಾತು, ನಡುನಡುವೆ ಹಾಡು, ಆಟ. 1976ರ ಜುಲೈ 31ಕ್ಕೆ ವಾಯಿದೆ ಮುಗಿಯಿತು, ಉಪಗ್ರಹ ಹೋಯಿತು. ಮಾರನೆಯ ವರ್ಷ ಗುಲ್ಬರ್ಗಾದಲ್ಲಿ ಪ್ರಸಾರ ಕೇಂದ್ರವೊಂದು ಬಂತು. ಈ ಸೀಮೆಯ ಹಳ್ಳಿಗೆ ಟಿ.ವಿ. ಮೊದಲು ಬಂದದ್ದು ಊರ ಸೊತ್ತಾಗಿ. ಮನೆಯ ಸೊತ್ತಾದದ್ದು ಆಮೇಲೆ.

ಕಂಬ, ತಂತಿ, ರಿಪೇರಿ ಅಂಗಡಿ

ಬೆಂಗಳೂರು ದೂರದರ್ಶನ 1981ರಲ್ಲಿ ಆರಂಭವಾಯಿತು. 1982ರ ಆಗಸ್ಟ್ 15ರಂದು ದೇಶಕ್ಕೆಲ್ಲ ಒಂದೇ ರಾಷ್ಟ್ರೀಯ ಕಾರ್ಯಕ್ರಮವೂ ಬಣ್ಣವೂ ಬಂದವು. ಆ ವರ್ಷದ ಕೊನೆಗೆ ದಿಲ್ಲಿಯಲ್ಲಿ ಏಷ್ಯನ್ ಕ್ರೀಡಾಕೂಟ. 1983ರ ಆಗಸ್ಟಿನಲ್ಲಿ ಇನ್ಸಾಟ್-1ಬಿ ಉಪಗ್ರಹ ಮೇಲೇರಿತು; ಅದನ್ನು ನಡೆಸುವ ಕೇಂದ್ರ ನಮ್ಮ ಹಾಸನದಲ್ಲೇ ಇತ್ತು. 1984ರಿಂದ ಊರೂರಿಗೆ ಸಣ್ಣ ಪ್ರಸಾರ ಯಂತ್ರಗಳನ್ನು ನಿಲ್ಲಿಸುತ್ತ ಹೋದರು. ನಮ್ಮ ಸೀಮೆ ಮನೆಮನೆಯ ಟಿ.ವಿ. ಕಂಡದ್ದು ಆ ವರ್ಷಗಳಲ್ಲಿ.

ಈ ಸಣ್ಣ ಯಂತ್ರಗಳ ಶಕ್ತಿ ನೂರು ವಾಟು. ಸುತ್ತ ಇಪ್ಪತ್ತೈದು ಕಿಲೋಮೀಟರು ದಾಟಿದರೆ ಚಿತ್ರ ಸೊರಗುತ್ತಿತ್ತು. ಬಳ್ಳಾರಿ ಪೇಟೆಯಲ್ಲಿದ್ದವರಿಗೆ ಮಾಳಿಗೆಯ ಮೇಲೊಂದು ಆಂಟೆನಾ ಸಾಕು. ಮೂವತ್ತು ಕಿಲೋಮೀಟರಿನ ಆಸುಪಾಸಿನ ಕುರುಗೋಡಿಗೆ ಎತ್ತರದ ಕಬ್ಬಿಣದ ಕೊಳವೆ ಬೇಕು. ಐವತ್ತು ದಾಟಿದ ಸಿರುಗುಪ್ಪಕ್ಕೆ ಇನ್ನೂ ಎತ್ತರದ್ದು, ಜೊತೆಗೊಂದು ಬೂಸ್ಟರು. ಗಾಳಿ ಬೀಸಿತೋ, ಕಾಗೆ ಕೂತಿತೋ, ತೆರೆಯ ತುಂಬ ಜರಡಿ ಹಿಡಿದ ನುಚ್ಚು. ಒಬ್ಬ ಹುಡುಗ ಮಾಳಿಗೆ ಹತ್ತಿ ಕೊಳವೆ ತಿರುಗಿಸಬೇಕು, ಒಬ್ಬ ಅಂಗಳದಲ್ಲಿ ನಿಲ್ಲಬೇಕು, ಒಬ್ಬ ಒಳಗೆ ಪೆಟ್ಟಿಗೆಯ ಮುಂದೆ. "ಬಂತೇನೋ?" "ಬಂತು, ಬಂತು... ಹೋತು!" ಇದನ್ನು ನೆನೆದು ನಾವು ನಗುತ್ತೇವೆ. ಚಿತ್ರ ಕಾಣಲು ಆಗ ಮೂರು ಜನರ ಕೈ ಕೂಡಬೇಕಾಗಿತ್ತು.

ಆ ಕಂಬದ ಸುತ್ತ ಎಷ್ಟು ಜನರ ಹೊಟ್ಟೆ ತುಂಬಿತು! ಕೊಳವೆ ಮಾರುವವರು, ಬೆಸುಗೆ ಹಾಕುವವರು, ತಂತಿ ಮಾರುವವರು, ರೇಡಿಯೋ ರಿಪೇರಿಯಿಂದ ಟಿ.ವಿ. ರಿಪೇರಿಗೆ ಏರಿದವರು. ಹೈದರಾಬಾದಿನ ಸರಕಾರಿ ಕಾರ್ಖಾನೆಯ ಇ.ಸಿ. ಟಿ.ವಿ., ಮದರಾಸಿನ ಡಯನೋರಾ, ಸಾಲಿಡೇರ್ ಪೆಟ್ಟಿಗೆಗಳು ಕಂತಿನ ಮೇಲೆ ಮನೆ ಸೇರಿದವು. ಕೆಟ್ಟರೆ ಸ್ಕ್ರೂಡ್ರೈವರ್ ಹಿಡಿದು ಮನೆಗೇ ಬರುವ ಒಬ್ಬ ಮೇಸ್ತ್ರಿ ಪ್ರತಿ ಪೇಟೆಯಲ್ಲೂ ಇದ್ದ. ಈಗಿನ ಚಪ್ಪಟೆ ಟಿ.ವಿ. ಕೆಟ್ಟರೆ ಫಲಕವನ್ನೇ ಬದಲಿಸು ಎನ್ನುತ್ತಾರೆ, ಇಲ್ಲವೇ ಹೊಸದನ್ನು ಕೊಳ್ಳು ಎನ್ನುತ್ತಾರೆ. ಮೇಸ್ತ್ರಿಯ ಕಸುಬು ಕಂಪನಿಗೆ ಹೋಯಿತು. ವ್ಯಾಪಾರಸ್ಥ ಬಂಧುಗಳೇ, ನಿಮ್ಮ ಹಂಬಲದಲ್ಲಿ ಈ ನಷ್ಟವೂ ಸೇರಿದೆ.

ಚಾಪೆಯೂ ಕುರ್ಚಿಯೂ

1987ರ ಜನವರಿ 25ರಿಂದ 1988ರ ಜುಲೈ 31ರವರೆಗೆ ಭಾನುವಾರ ಬೆಳಿಗ್ಗೆ ರಮಾನಂದ ಸಾಗರರ ರಾಮಾಯಣ. 1988ರ ಅಕ್ಟೋಬರ್ 2ರಿಂದ 1990ರ ಜೂನ್ 24ರವರೆಗೆ ಬಿ.ಆರ್. ಚೋಪ್ರಾ ಅವರ ಮಹಾಭಾರತ. ಅಷ್ಟು ಹೊತ್ತು ಪೇಟೆಯ ಬೀದಿ ಬರಿದಾಗುತ್ತಿತ್ತು. ಭಾಷೆ ಹಿಂದಿ, ನೋಡುವವರು ಕನ್ನಡದ, ತೆಲುಗಿನ, ಉರ್ದುವಿನ ಮಕ್ಕಳು. ಆದರೂ ಕತೆ ಯಾರಿಗೂ ತೊಡಕಾಗಲಿಲ್ಲ. ಏಕೆಂದರೆ ಟಿ.ವಿ. ಬರುವ ಮೊದಲೇ ನಮ್ಮ ಸೀಮೆಯ ಜನ ಪರದೆ ಕಂಡವರು. ಬಿಳಿ ಬಟ್ಟೆ ಕಟ್ಟಿ, ಹಿಂದೆ ದೀಪವಿಟ್ಟು, ತೊಗಲು ಗೊಂಬೆಗಳನ್ನು ಕುಣಿಸಿ, ರಾತ್ರಿಯಿಡೀ ರಾಮಾಯಣ ಮಹಾಭಾರತ ತೋರಿಸುವ ಕಲೆ ಇಲ್ಲಿಯದು. ಅದನ್ನು ಬಳ್ಳಾರಿಯಿಂದ ಹೊರನಾಡುಗಳಿಗೂ ಒಯ್ದ ಬೆಳಗಲ್ಲು ವೀರಣ್ಣನವರು 2023ರಲ್ಲಿ ತೀರಿಕೊಂಡರು. ಬಯಲಾಟವಂತೂ ಊರ ಬಯಲಿನಲ್ಲೇ ನಡೆಯುವಂಥದ್ದು, ಅದಕ್ಕೆ ಟಿಕೇಟಿಲ್ಲ. ಆ ಅಭ್ಯಾಸವಿದ್ದ ಕಣ್ಣುಗಳೇ ಟಿ.ವಿ.ಯ ಮುಂದೆ ಕೂತವು.

ಇನ್ನೊಂದು ಮಾತು. ಆ ಮಹಾಭಾರತದ ಸಂಭಾಷಣೆ ಬರೆದವರು ರಾಹಿ ಮಾಸೂಮ್ ರಜಾ. ಕೌಲ್ ಬಜಾರಿನ ಹುಡುಗರೂ ಬ್ರೂಸ್‌ಪೇಟೆಯ ಹುಡುಗರೂ ಅವರ ಮಾತನ್ನೇ ಬಾಯಿಪಾಠ ಮಾಡಿ ಬೀದಿಯಲ್ಲಿ ಕಡ್ಡಿಯ ಬಿಲ್ಲು ಹಿಡಿದು ಆಡಿದರು. ಮುಸಲ್ಮಾನ ಲೇಖಕ ಬರೆದ ಮಾತು ಶ್ರೀಕೃಷ್ಣನ ಬಾಯಲ್ಲಿ ಬಂದಾಗ ಯಾರ ಭಕ್ತಿಯೂ ಕಡಿಮೆಯಾಗಲಿಲ್ಲ. ಇಂದು ಧರ್ಮದ ಹೆಸರಿನಲ್ಲಿ ಓಣಿ ಓಣಿಗೆ ಗೆರೆ ಎಳೆಯುವವರಿಗೆ ಇದನ್ನು ನೆನಪಿಸಬೇಕು.

ಆದರೆ ಸಂಗಾತಿಗಳೇ, ಆ ಪಡಸಾಲೆಯಲ್ಲಿ ಎಲ್ಲರೂ ಸಮಾನರಾಗಿ ಕೂತಿದ್ದೆವೆಂದು ಹೇಳಿದರೆ ಸುಳ್ಳಾಗುತ್ತದೆ. ಕುರ್ಚಿ ಮನೆಯವರಿಗೆ, ಚಾಪೆ ನೆಂಟರಿಗೆ, ಬರಿ ನೆಲ ಓಣಿಯವರಿಗೆ. ಕೇರಿಯ ಮಕ್ಕಳು ಕಿಟಕಿಯ ಸರಳು ಹಿಡಿದು ಹೊರಗೆ ನಿಂತು ನೋಡಿದ ಊರುಗಳಿದ್ದವು. ತಲೆಗೆ ನಾಲ್ಕಾಣೆ ಈಸಿಕೊಂಡ ಮನೆಗಳಿದ್ದವು. ಒಡತಿಗೆ ಬೇಸರ ಬಂದರೆ ಪೆಟ್ಟಿಗೆಯ ಬಾಗಿಲು ಮುಚ್ಚುತ್ತಿತ್ತು. ಅವರ ಮನೆಯ ನೀರು ಸೇದಿಕೊಟ್ಟ ಹುಡುಗಿಗೆ ಮುಂದಿನ ವಾರ ಜಾಗ ಖಾತ್ರಿ. ಹೆಂಗಸರು ಒಲೆಗೂ ತೆರೆಗೂ ನಡುವೆ ಓಡಾಡುತ್ತಲೇ ಅರ್ಧ ಕತೆ ಕಂಡರು. ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಹಮಾಲನಿಗೂ ಹತ್ತಿ ಜಿನ್ನಿಂಗಿನ ಕೂಲಿಯವನಿಗೂ ಸುಗ್ಗಿಯಲ್ಲಿ ಭಾನುವಾರವೆಂಬುದೇ ಇಲ್ಲ. ಮಕ್ಕಳು ಬಂದು ಹೇಳಿದ ಕತೆಯೇ ಅವರ ಟಿ.ವಿ. ಆ ಕಾಲವನ್ನು ಹೊಗಳುವವರು ಈ ಕಿಟಕಿಯ ಮಕ್ಕಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇಷ್ಟಾದರೂ ಒಂದು ಮಾತು ಉಳಿಯುತ್ತದೆ. ಎಲ್ಲರೂ ಒಂದನ್ನೇ ನೋಡುತ್ತಿದ್ದುದರಿಂದ ಎಲ್ಲರಿಗೂ ಅದರ ಮೇಲೆ ಹಕ್ಕು ಹುಟ್ಟಿತ್ತು. 1988ರಲ್ಲಿ ರಾಮಾಯಣ ಪಟ್ಟಾಭಿಷೇಕಕ್ಕೇ ಮುಗಿಯುತ್ತದೆ, ಉತ್ತರಕಾಂಡ ಬರುವುದಿಲ್ಲ ಎಂದು ತಿಳಿದಾಗ ಪಂಜಾಬಿನ ಜಲಂಧರದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟರು. ಅವರು ವಾಲ್ಮೀಕಿಯನ್ನು ಗುರುವೆಂದು ನಂಬಿದ ಜನ. ಸೀತೆಗೆ ಆಸರೆ ಕೊಟ್ಟ, ಲವಕುಶರನ್ನು ಬೆಳೆಸಿದ ತಮ್ಮ ಋಷಿಯ ಭಾಗವನ್ನೇ ಬಿಟ್ಟುಬಿಡುವುದೆಂದರೇನು ಎಂಬುದು ಅವರ ಪ್ರಶ್ನೆ. ಮುಷ್ಕರ ಉತ್ತರದ ಬೇರೆ ಊರುಗಳಿಗೂ ಹಬ್ಬಿತು. ಸರಕಾರ ಮಣಿಯಿತು, ಉತ್ತರಕಾಂಡದ ಕತೆ ತೆರೆಗೆ ಬಂತು. ಅದೇ ಋಷಿಯ ಹೆಸರು ಹೇಳಿಕೊಳ್ಳುವ ಜನ ನಮ್ಮ ಜಿಲ್ಲೆಯಲ್ಲೂ ಬಹಳ. ಬೀದಿ ಗುಡಿಸುವವರು ಕೂಲಿಗಾಗಿ ಮುಷ್ಕರ ಹೂಡಿದ್ದನ್ನು ನಾವು ಬಲ್ಲೆವು. ಕತೆಗಾಗಿ, ಮಾನಕ್ಕಾಗಿ ಹೂಡಿದ ಈ ಮುಷ್ಕರವನ್ನೂ ನೆನಪಿಡಬೇಕು. ಇಂದು ಖಾಸಗಿ ಚಾನಲ್ಲಿನ ಧಾರಾವಾಹಿ ಅರ್ಧಕ್ಕೆ ನಿಂತರೆ ಯಾರ ಬಾಗಿಲಿಗೆ ಹೋಗಿ ಕೇಳುತ್ತೀರಿ?

ನಮ್ಮ ಕತೆ, ನಮ್ಮ ಮಾತು

ಆ ದಿನಗಳ ತೆರೆಯ ಮೇಲೆ ಬಡವರ ಮುಖ ಇತ್ತು. 1986ರಲ್ಲಿ ಬಂದ 'ನುಕ್ಕಡ್' ಧಾರಾವಾಹಿಯ ನಾಯಕರು ಯಾರು? ಬೀದಿಯ ಮೂಲೆಯ ವಿದ್ಯುತ್ ರಿಪೇರಿಯವ, ಸೈಕಲ್ ರಿಪೇರಿಯವ, ಹೋಟೆಲಿನವ, ಕ್ಷೌರದಂಗಡಿಯವ. ಅಂದರೆ ಈ ಸಭೆಯಲ್ಲಿ ಕೂತಿರುವವರೇ. ಈಗಿನ ಧಾರಾವಾಹಿಗಳಲ್ಲಿ ಕೂಲಿಕಾರ ಕಾಣುವುದು ಬಂಗಲೆಯ ಬಾಗಿಲು ತೆಗೆಯುವುದಕ್ಕೆ ಮಾತ್ರ.

ಅದೇ ಕಾಲದಲ್ಲಿ ಶಂಕರನಾಗ್ ಅವರು ಆರ್.ಕೆ. ನಾರಾಯಣರ ಕತೆಗಳನ್ನು ಆಗುಂಬೆಯಲ್ಲಿ ಚಿತ್ರಿಸಿ 'ಮಾಲ್ಗುಡಿ ಡೇಸ್' ಮಾಡಿದರು. ಊರು ಮಲೆನಾಡಿನದು, ಮನೆ ನಮ್ಮದು, ಅಪ್ಪನ ಪಾತ್ರದಲ್ಲಿ ಗಿರೀಶ ಕಾರ್ನಾಡ, ಸ್ವಾಮಿಯ ಪಾತ್ರದಲ್ಲಿ ಮಾಸ್ಟರ್ ಮಂಜುನಾಥ. ಎಲ್ಲ ಕನ್ನಡದವರೇ, ಆದರೆ ಆಡಿದ ಮಾತು ಹಿಂದಿ. ದೇಶಕ್ಕೆಲ್ಲ ತೋರಿಸಬೇಕಾದರೆ ನಮ್ಮ ಮಕ್ಕಳು ನಮ್ಮ ಮಾತು ಬಿಡಬೇಕಾಯಿತು. ರಾತ್ರಿಯ ಮುಖ್ಯ ಹೊತ್ತೆಲ್ಲ ದಿಲ್ಲಿಯ ಹಿಂದಿ, ಇಂಗ್ಲಿಷ್ ಕಾರ್ಯಕ್ರಮಕ್ಕೆ. ಅಳಿದುಳಿದ ಹೊತ್ತು ಕನ್ನಡಕ್ಕೆ. ಪ್ರಭುವಿನ ಭಾಷೆ ಬೇರೆ, ಪ್ರಜೆಯ ಭಾಷೆ ಬೇರೆ ಆಗಬಾರದೆಂದು ನಮ್ಮ ಚಳವಳಿ ಮೊದಲಿನಿಂದ ಹೇಳುತ್ತ ಬಂದ ಮಾತು ಟಿ.ವಿ.ಗೂ ಸಲ್ಲುತ್ತದೆ.

ಆದರೂ ಕನ್ನಡ ತನ್ನ ಜಾಗವನ್ನು ದುಡಿದು ಪಡೆಯಿತು. ಸದಾನಂದ ಸುವರ್ಣರ 'ಗುಡ್ಡದ ಭೂತ' ಬಂದಾಗ ಸಂಜೆ ಹೊತ್ತು ಹಿತ್ತಿಲಿಗೆ ಹೋಗಲು ಮಕ್ಕಳು ಹೆದರಿದರು. 1991ರಲ್ಲಿ ಕನ್ನಡಕ್ಕೇ ಬೇರೆ ವಾಹಿನಿ ದೊರೆಯಿತು; ಅದೇ ಇಂದಿನ ಚಂದನ. 1998ರಲ್ಲಿ ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ಮಾಡಿದ 'ಮಾಯಾಮೃಗ' ನಮ್ಮಂಥ ಸಂಸಾರಗಳ ಸಂಕಟವನ್ನು ನಮ್ಮ ಮಾತಿನಲ್ಲೇ ತೋರಿಸಿತು. 2002ರಲ್ಲಿ ಆರಂಭವಾದ ಡಾ. ನಾ. ಸೋಮೇಶ್ವರರ 'ಥಟ್ ಅಂತ ಹೇಳಿ' ಕಾರ್ಯಕ್ರಮದಲ್ಲಿ ಉತ್ತರ ಹೇಳಿದವರಿಗೆ ಸಿಗುವ ಬಹುಮಾನ ಕನ್ನಡ ಪುಸ್ತಕ. ಕೋಟಿ ರೂಪಾಯಿಯ ಆಸೆ ತೋರಿಸುವ ಆಟಗಳ ನಡುವೆ ಪುಸ್ತಕ ಕೊಡುವ ಆಟವೊಂದು ಬಾಳಿತು ಎಂಬುದು ಸಣ್ಣ ಮಾತಲ್ಲ. ಅದು ಲಾಭದ ಲೆಕ್ಕವಿಲ್ಲದ ಸಾರ್ವಜನಿಕ ವಾಹಿನಿಯಲ್ಲಿ ಮಾತ್ರ ಸಾಧ್ಯ.

ಸರಕಾರದ ಬಾಯಿ, ಮಾರುಕಟ್ಟೆಯ ಕೈ

ಹಾಗೆಂದು ದೂರದರ್ಶನಕ್ಕೆ ನಾವು ಆರತಿ ಎತ್ತುವವರಲ್ಲ. ಹಳ್ಳಿಗಳಿಗೆ ಉಪಗ್ರಹದ ಟಿ.ವಿ. ಬಂದ 1975ರ ಆ ಆಗಸ್ಟು ತುರ್ತು ಪರಿಸ್ಥಿತಿಯ ಮೂರನೆಯ ತಿಂಗಳು. ತೆರೆಯ ಮೇಲೆ ಇಪ್ಪತ್ತು ಅಂಶಗಳ ಗುಣಗಾನ; ಸೆರೆಮನೆಯೊಳಗೆ ನಮ್ಮವರು. ಬೆಂಗಳೂರಿನ ಸೆರೆಯಲ್ಲಿ ಎದೆರೋಗದಿಂದ ನರಳಿದ ಸ್ನೇಹಲತಾ ರೆಡ್ಡಿಯವರು ಬಿಡುಗಡೆಯಾದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು. ಫೆಬ್ರವರಿ 6ರಂದು ದಿಲ್ಲಿಯ ರಾಮಲೀಲಾ ಮೈದಾನದಲ್ಲಿ ಜಯಪ್ರಕಾಶರೂ ಜಗಜೀವನರಾಮರೂ ಮಾತನಾಡುವ ಸಭೆಗೆ ಜನ ಹೋಗದಿರಲೆಂದು ಟಿ.ವಿ.ಯಲ್ಲಿ 'ಬಾಬಿ' ಚಿತ್ರ ಹಾಕಿದರು. ಜನ ಚಿತ್ರ ಬಿಟ್ಟು ಮೈದಾನಕ್ಕೆ ಬಂದರು! 1978ರಲ್ಲಿ ವರ್ಗೀಸ್ ಸಮಿತಿ ಆಕಾಶವಾಣಿ, ದೂರದರ್ಶನಗಳನ್ನು ಸರಕಾರದ ಹಿಡಿತದಿಂದ ಬಿಡಿಸಬೇಕೆಂದಿತು. ಪ್ರಸಾರ ಭಾರತಿ ಕಾಯಿದೆ ಆದದ್ದು 1990ರಲ್ಲಿ, ಜಾರಿಗೆ ಬಂದದ್ದು 1997ರಲ್ಲಿ. ಆಳುವವರ ಕೈ ಇನ್ನೂ ಅದರ ಹೆಗಲ ಮೇಲಿಂದ ಇಳಿದಿಲ್ಲ.

ಇನ್ನೊಂದು ಕೈ ಮಾರುಕಟ್ಟೆಯದು. 1976ರಿಂದಲೇ ಟಿ.ವಿ.ಯಲ್ಲಿ ಜಾಹೀರಾತು ಹೊಕ್ಕಿತು. ಬಾಲ್ಯದ ಟಿ.ವಿ.ಯನ್ನು ನೆನೆಯುವಾಗ ನಮಗೆ ಕತೆಗಿಂತ ಮೊದಲು ಸೋಪಿನ ಪುಡಿಯ ಹಾಡು ನೆನಪಾಗುತ್ತದೆ, ಅದು ಆಕಸ್ಮಿಕವಲ್ಲ. ಮೊದಲು ಗಿರಾಕಿ "ಒಳ್ಳೇದು ಯಾವುದು ಕೊಡ್ರಿ ಶೆಟ್ರೇ" ಎಂದು ಅಂಗಡಿಯವರ ಮಾತನ್ನು ನಂಬುತ್ತಿದ್ದ; ಟಿ.ವಿ. ಬಂದ ಮೇಲೆ ಐದು ವರ್ಷದ ಮಗು ಹೆಸರು ಹಿಡಿದು ಕೇಳತೊಡಗಿತು. ಊರಲ್ಲೇ ಸಾಬೂನು ಮಾಡುತ್ತಿದ್ದವರ ಸರಕು ಅಟ್ಟ ಸೇರಿತು.

1991ರ ಆಮೇಲೆ ಕೇಬಲ್ಲು. ಓಣಿಯ ಒಬ್ಬ ಹುಡುಗ ಸಾಲ ಮಾಡಿ ತಟ್ಟೆ ನಿಲ್ಲಿಸಿ ಮನೆಮನೆಗೆ ತಂತಿ ಎಳೆದ. 1994ರಲ್ಲಿ ಕನ್ನಡದ ಖಾಸಗಿ ವಾಹಿನಿ ಉದಯ ಬಂತು. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಒಂದು ದೊಡ್ಡ ಮಾತು ಹೇಳಿತು: ವಾಯುತರಂಗಗಳು ಸಾರ್ವಜನಿಕರ ಸೊತ್ತು. ಬಂಧುಗಳೇ, ಹೊಲದ ಮೇಲಿನ ಗಾಳಿಯೂ ನಮ್ಮದೇ ಎಂದು ಕೋರ್ಟು ಒಪ್ಪಿದಂತಾಯಿತು. ಆದರೆ ಸೊತ್ತು ನಮ್ಮದಾದರೂ ಫಲ ಯಾರದ್ದಾಯಿತು? 2017ರ ಮಾರ್ಚ್ 31ರ ಗಡುವಿಗೆ ಹಳ್ಳಿಯ ಕೊನೆಯ ಮನೆಗೂ ಡಬ್ಬಿ ಕಡ್ಡಾಯವಾಯಿತು. ಓಣಿಯ ಕೇಬಲ್ಲಿನವನು ದೊಡ್ಡ ಕಂಪನಿಯ ವಸೂಲಿಗಾರನಾದ. ನಾವು ಕೊಳವೆ ತಿರುಗಿಸಿ ಕಾದ ಆ ಹಳೆಯ ಪ್ರಸಾರ ಯಂತ್ರಗಳನ್ನು 2022ರ ಹೊತ್ತಿಗೆ ದೇಶದಲ್ಲಿ ಬಹುಪಾಲು ನಿಲ್ಲಿಸಿಬಿಟ್ಟರು. ಈಗ ಪರದೆ ಅಂಗೈಗೆ ಬಂದಿದೆ. ಜೀನ್ಸ್ ಹೊಲಿಯುವ ನಮ್ಮ ಹುಡುಗ ಹುಡುಗಿಯರು ಊಟದ ಬಿಡುವಿನಲ್ಲಿ ಒಂದೇ ಗೋಡೆಗೆ ಒರಗಿ ಕೂತು, ಕಿವಿಗೆ ತಂತಿ ಸಿಕ್ಕಿಸಿ, ಒಬ್ಬೊಬ್ಬರು ಒಂದೊಂದು ನೋಡುತ್ತಾರೆ. ಪಕ್ಕದವನು ಏಕೆ ನಕ್ಕನೆಂದು ಪಕ್ಕದವಳಿಗೆ ತಿಳಿಯದು. ಹೀಗೆ ಕೂತವರು ಕೂಲಿ ಕಡಿತವಾದ ದಿನ ಒಟ್ಟಾಗಿ ಏಳುವರೇ? ಒಟ್ಟಿಗೆ ನಗುವುದನ್ನು ಮರೆತವರಿಗೆ ಒಟ್ಟಿಗೆ ಕೇಳುವುದೂ ಕಷ್ಟ.

ನೆನಪು ಯಾರ ಕೈಯಲ್ಲಿ

2020ರ ಮಾರ್ಚ್ 28ರಿಂದ ದೂರದರ್ಶನ ಅದೇ ರಾಮಾಯಣವನ್ನು ಮತ್ತೆ ಬಿತ್ತರಿಸಿತು. ಊರೆಲ್ಲ ಬೀಗ ಹಾಕಿದ್ದ ಹೊತ್ತು. ಕೋಟಿಗಟ್ಟಲೆ ಜನ ನೋಡಿದರು, ಬಾಲ್ಯ ಮರಳಿತೆಂದು ಕಣ್ಣೊರೆಸಿಕೊಂಡರು. ಅದೇ ದಿನಗಳಲ್ಲಿ ದೇಶದ ಹೆದ್ದಾರಿಗಳಲ್ಲಿ ಕೂಲಿಕಾರರು ಗಂಟು ಹೊತ್ತು, ಮಕ್ಕಳನ್ನು ಹೆಗಲಿಗೇರಿಸಿ, ನೂರಾರು ಮೈಲಿ ನಡೆದು ಊರ ದಾರಿ ಹಿಡಿದಿದ್ದರು. ಮನೆಯಿದ್ದವರಿಗೆ ಹಳೆಯ ಕತೆ, ಮನೆಯಿಲ್ಲದವರಿಗೆ ಬಿಸಿಲು. ನೆನಪು ಆಳುವವರ ಕೈಗೆ ಸಿಕ್ಕಿದರೆ ಅದು ಜೋಗುಳವಾಗುತ್ತದೆ. ಜನರ ಕೈಯಲ್ಲಿದ್ದರೆ ಜಲಂಧರದ ಮುಷ್ಕರವಾಗುತ್ತದೆ. ಈ ವ್ಯತ್ಯಾಸವನ್ನು ಹೇಳುವುದಕ್ಕಾಗಿಯೇ ನಾವು ಇಂದು ಈ ಮಾತು ಎತ್ತಿದ್ದು.

ಹಾಗಾದರೆ ಮಾಡಬೇಕಾದದ್ದೇನು? ಮೂರು ಕೆಲಸ.

ಒಂದು: ತಿಂಗಳ ಬಾಡಿಗೆ ಇಲ್ಲದೆ ಚಂದನವನ್ನೂ ಇತರ ವಾಹಿನಿಗಳನ್ನೂ ಕೊಡುವ ದೂರದರ್ಶನದ ಉಚಿತ ಡಿಷ್ 2004ರಿಂದ ಇದೆ. ಒಮ್ಮೆ ತಟ್ಟೆ, ಡಬ್ಬಿ ಕೊಂಡರೆ ಮುಗಿಯಿತು. ಬಡವರ ಈ ಸೌಕರ್ಯವನ್ನು ಉಳಿಸಬೇಕು; ಅದರಲ್ಲಿ ಕನ್ನಡದ ಪಾಲು ಹೆಚ್ಚಬೇಕೆಂದು ಕೇಳಬೇಕು. ಸುಮ್ಮನೆ ನೋಡುವವರಿಗೆ ಸರಕಾರ ಕೊಡುವುದು ಉಳಿದದ್ದನ್ನು. ಕೇಳುವವರಿಗೆ ಕೊಡುವುದು ಬೇಕಾದದ್ದನ್ನು.

ಎರಡು: ಬೆಂಗಳೂರು ದೂರದರ್ಶನ ಜನರ ಹಣದಿಂದ ಮಾಡಿದ ಹಳೆಯ ಕನ್ನಡ ನಾಟಕ, ಧಾರಾವಾಹಿ, ಜಾನಪದ ಕಾರ್ಯಕ್ರಮಗಳು ಜನರ ಸೊತ್ತು. ಅವುಗಳನ್ನು ಪೂರ್ತಿಯಾಗಿ, ಶುಲ್ಕವಿಲ್ಲದೆ, ಶಾಲೆಗೂ ಗ್ರಂಥಾಲಯಕ್ಕೂ ತೆರೆದಿಡಬೇಕು. ನಮ್ಮ ಬಾಲ್ಯವನ್ನು ನಾವು ಇನ್ನೊಮ್ಮೆ ಹಣ ಕೊಟ್ಟು ಕೊಳ್ಳುವಂತಾಗಬಾರದು.

ಮೂರು: ಇದಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಡ. ಗ್ರಾಮ ಪಂಚಾಯತಿಯ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರವೆಂದು ಹೆಸರು. ಅಲ್ಲಾಗಲಿ, ಸಂಘದ ಕೋಣೆಯಲ್ಲಾಗಲಿ, ಕುರುಗೋಡಿನ ದೊಡ್ಡಬಸವೇಶ್ವರನ ಗುಡಿಯ ಮುಂದಿನ ಬಯಲಿನಲ್ಲಾಗಲಿ, ಸಿರುಗುಪ್ಪದ ಅಕ್ಕಿ ಗಿರಣಿಯ ಅಂಗಳದಲ್ಲಾಗಲಿ, ವಾರಕ್ಕೊಂದು ಸಂಜೆ ಒಂದು ಪರದೆ ಕಟ್ಟೋಣ. ಒಳ್ಳೆಯದೊಂದು ಚಿತ್ರ, ಒಂದು ನಾಟಕ. ಮುಗಿದ ಮೇಲೆ ಅರ್ಧ ತಾಸು ಅದರ ಮಾತು. ಖರ್ಚು ತಲೆಗೆ ಹತ್ತು ರೂಪಾಯಿ ದಾಟಬಾರದು. ಇಲ್ಲದವರಿಗೆ ಅದೂ ಬೇಡ. ಹೆಂಗಸರು ಕೆಲಸ ಮುಗಿಸಿ ಬರುವವರೆಗೆ ಶುರು ಮಾಡಬಾರದು. ಕುರ್ಚಿ ಯಾರಿಗೂ ಬೇಡ, ಮುದುಕರಿಗೆ ಹೊರತು. ಕಿಟಕಿಯ ಹೊರಗೆ ಯಾರೂ ನಿಲ್ಲಬಾರದು.

ಚಾಪೆಗಳು ನಮ್ಮ ಮನೆಗಳಲ್ಲಿ ಇನ್ನೂ ಇವೆ. ಬರುವ ಶನಿವಾರ ಅವನ್ನು ಕಂಕುಳಲ್ಲಿಟ್ಟುಕೊಂಡು ಬನ್ನಿ.